ಕಾಲು ನೋಡುತ್ತಿದ್ದ ಸಾಹುಕಾರ

ಹೋದ ಸೋಮವಾರ ಅವನು ತೀರಿಕೊಂಡ. ಬುಧವಾರ ಬೆಳಿಗ್ಗೆ ನಮ್ಮ ಮನೆಗೆ ಮೂವರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಒಂದು ಕಡತ, ಮುಖದಲ್ಲಿ ಸಭೆಗೆ ಬೇಕಾದಷ್ಟು ದುಃಖ. ಶ್ರದ್ಧಾಂಜಲಿ ಸಭೆ ಮಾಡುತ್ತಾರಂತೆ, ಸ್ಮರಣ ಸಂಚಿಕೆ ತರುತ್ತಾರಂತೆ, ಅದಕ್ಕೆ ನಾನೊಂದು ಲೇಖನ ಬರೆದುಕೊಡಬೇಕಂತೆ.

“ಆ ಟೀಮಿನವ್ರು ಅಂತ ಈಗ ಉಳಿದಿರೋರು ನೀವೊಬ್ರೇ ಸಾರ್. ಸತ್ತು ಹೋಗಿದ್ದ ಊರಿನ ಫುಟ್‌ಬಾಲ್ ಬದುಕಿಸಿದ ಪುಣ್ಯಾತ್ಮರು ಅವ್ರು. ನಿಮ್ಗೆ ನೌಕರಿ ಸಿಕ್ಕಿದ್ದೂ ಅವ್ರ ಕಾಗದದಿಂದ್ಲೇ ಅಂತಾರಲ್ರೀ. ಎರಡು ಒಳ್ಳೆ ಮಾತು ಬರ್ಕೊಡ್ರಿ.”

ನನ್ನ ಹತ್ತಿರ ಎರಡು ಒಳ್ಳೆಯ ಮಾತು ಇಲ್ಲ ಎಂದೆ. ಅವರು ಅದನ್ನು ವಿನಯ ಎಂದುಕೊಂಡರು. ಕಾಫಿ ಕುಡಿದು, ಶನಿವಾರ ಬರುತ್ತೇವೆ ಎಂದು ಹೇಳಿ ಎದ್ದು ಹೋದರು.

ಅವರು ಹೋದ ಮೇಲೆ ಕಾಗದ ತೆಗೆದುಕೊಂಡು ಕುಳಿತಿದ್ದೇನೆ. ಸಂಚಿಕೆಗಲ್ಲ. ಹೊಟ್ಟೆಯಲ್ಲಿ ನಲವತ್ತು ಚಿಲ್ಲರೆ ವರ್ಷ ಇಟ್ಟುಕೊಂಡದ್ದನ್ನು ಒಮ್ಮೆ ಹೊರಗೆ ಹಾಕೋಣ ಎಂದು. ಅವನ ಹೆಸರು ಬರೆಯುವುದಿಲ್ಲ. ಶಿಕಾರಿಪುರದ ಹಳಬರಿಗೆ ಹೇಳಬೇಕಾಗಿಲ್ಲ, ಹೊಸಬರಿಗೆ ಅದರಿಂದ ಆಗಬೇಕಾದದ್ದೂ ಇಲ್ಲ. ಎದುರಿಗೆ ಇದ್ದಾಗ “ಸಾಹುಕಾರ್ರೇ, ತಾವು” ಎಂದು ನಡು ಬಗ್ಗಿಸಿದ್ದು ಸಾಕಾಗಿದೆ. ಈ ಕಾಗದದಲ್ಲಾದರೂ ಅವನನ್ನು ಅವನು ಎನ್ನುತ್ತೇನೆ.

ಊರ ಹೊರಗೆ, ಶಿರಾಳಕೊಪ್ಪದ ರಸ್ತೆಯಲ್ಲಿ ಅವನ ಅಕ್ಕಿ ಗಿರಣಿ ಇತ್ತು. ಗಿಡ್ಡ ಆಸಾಮಿ, ದಪ್ಪ ಕುತ್ತಿಗೆ, ಬೇಸಿಗೆಯಲ್ಲೂ ಕರಿ ಕೋಟು. ಕೋಟಿನ ಕಿಸೆಯಲ್ಲಿ ಸದಾ ಒಂದು ಹಿಡಿ ಭತ್ತ. ಮಾತಾಡುವಾಗ ಒಂದೊಂದೇ ಕಾಳು ತೆಗೆದು ಮುಂದಿನ ಹಲ್ಲಿನಲ್ಲಿ ಕಚ್ಚುತ್ತಿದ್ದ. ಭತ್ತ ಎಷ್ಟು ಒಣಗಿದೆ ಎನ್ನುವುದು ಆ ಕಟ್ ಎನ್ನುವ ಸದ್ದಿನಲ್ಲಿ ಗೊತ್ತಾಗುತ್ತದೆ, ಗಿರಣಿಯವರೆಲ್ಲ ಹಾಗೆ ನೋಡುವವರೇ. ಆದರೆ ಉಳಿದವರು ಹೊಟ್ಟನ್ನು ಪಕ್ಕಕ್ಕೆ ಉಗುಳುತ್ತಿದ್ದರು. ಇವನು ಎದುರಿಗೆ ನಿಂತವನ ಕಾಲ ಬುಡಕ್ಕೇ ಉಗುಳುತ್ತಿದ್ದ.

ಮುಖ ನೋಡಿ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಕಾಲು ನೋಡುತ್ತಿದ್ದ. ಆಳುಗಳನ್ನು ಇಟ್ಟುಕೊಳ್ಳುವಾಗ ಕಾಲು, ಎತ್ತು ಕೊಳ್ಳುವಾಗ ಕಾಲು, ಹೆಣ್ಣು ನೋಡಲು ಹೋದಾಗಲೂ ಹುಡುಗಿಯ ಕಾಲನ್ನೇ ನೋಡಿಕೊಂಡು ಬಂದ ಎಂದು ಊರಲ್ಲಿ ನಗುತ್ತಿದ್ದರು. ನಾನು ಸರ್ಕಾರಿ ನೌಕರಿಗೆ ಸೇರಿ ಎಷ್ಟೋ ವರ್ಷವಾದ ಮೇಲೆ ಒಂದು ದಿನ ಸಂತೆಯಲ್ಲಿ ಎದುರಾದ. ನಮಸ್ಕಾರ ಎಂದೆ. ಯಾರಪ್ಪಾ ಎಂಬಂತೆ ನೋಡಿದ. ನಾನು ಮುಂದೆ ಹೋದೆ. ನಾಲ್ಕು ಹೆಜ್ಜೆ ಹಾಕಿರಬೇಕು, ಹಿಂದಿನಿಂದ ಕೂಗಿದ: “ಓಹೋ, ನೀನಾ! ಲೆಫ್ಟ್ ಹಾಫು!” ಟೀಮಿನಲ್ಲಿ ನಾನು ಆಡುತ್ತಿದ್ದ ಜಾಗ ಅದು. ಸಂತೆಯ ಜನ ಎಲ್ಲ ತಿರುಗಿ ನನ್ನ ಕಾಲು ನೋಡಿದರು. ಮೈ ಉರಿದುಹೋಯಿತು.

ಫುಟ್‌ಬಾಲಿನ ವಿಷಯಕ್ಕೆ ಬರುತ್ತೇನೆ. ಮೈಸೂರು ರಾಜ್ಯ ದೊಡ್ಡದಾದ ಒಂದೆರಡು ವರ್ಷಕ್ಕೆ ನಡೆದದ್ದು ಇದು. ನಮ್ಮ ಊರಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರೊಬ್ಬರು ಕಟ್ಟಿದ್ದ ಟೀಮಿತ್ತು. ಅವರಿಗೆ ವರ್ಗವಾಯಿತು, ಟೀಮು ತಬ್ಬಲಿಯಾಯಿತು. ಕ್ಯಾಪ್ಟನ್ ಖಾದರಣ್ಣ, ಪೇಟೆ ಬೀದಿಯಲ್ಲಿ ತಗಡಿನ ಕೊಳವೆ, ಲಾಟೀನು ಮಾಡುವವನು. ಉಳಿದವರಲ್ಲಿ ಇಬ್ಬರು ದರ್ಜಿಗಳು, ಒಬ್ಬ ಜಟಕಾ ಹೊಡೆಯುವವನು, ಒಬ್ಬ ಹೋಟೆಲಿನ ಸಪ್ಲೈಯರು, ಹೀಗೇ. ನಾನು ಛಾಪಾಕಾಗದ ಮಾರುವವರೊಬ್ಬರ ಬಳಿ ಅರ್ಜಿ ನಕಲು ಮಾಡಿಕೊಂಡಿದ್ದೆ. ಆಗ ಇಪ್ಪತ್ತರ ವಯಸ್ಸು. ಆಟ ಬಿಟ್ಟರೆ ನನಗೆ ಮರ್ಯಾದೆ ಸಿಗುವ ಬೇರೆ ಜಾಗ ಇರಲಿಲ್ಲ.

ಮೈದಾನ ಎಂದರೆ ಕೆರೆಯ ಅಂಗಳ. ನೀರು ಇಳಿದರೆ ಆಟ, ಏರಿದರೆ ಇಲ್ಲ. ಅದೂ ಒಂದು ಕಡೆಗೆ ಇಳಿಜಾರು. ಚೆಂಡಿನ ಚರ್ಮ ಬಿರಿದು, ಒಳಗಿನ ಬ್ಲಾಡರಿಗೆ ಖಾದರಣ್ಣ ಸೈಕಲ್ ಟ್ಯೂಬಿನ ತೇಪೆ ಹಾಕಿ ಹಾಕಿ, ಅದು ಹೊಡೆದ ಕಡೆಗೆ ಹೋಗುತ್ತಲೇ ಇರಲಿಲ್ಲ. ಅಂಥ ಟೀಮು ತೆಗೆದುಕೊಂಡು ಸೊರಬಕ್ಕೆ ಹೋಗಿ ಒಂಬತ್ತು ಗೋಲು ತಿಂದು ಬಂದೆವು. ಅವರ ಕಡೆ ಕುಪ್ಪಗಡ್ಡೆಯ ಒಬ್ಬ ಎತ್ತರದ ಆಳು ಇದ್ದ, ಊಟಕ್ಕೆ ಕೂತಾಗ ನಮಗೆ ಕೇಳುವ ಹಾಗೆಯೇ ಅಂದ: “ಊಟಕ್ಕಾದ್ರೆ ಸೈ ಮಾರಾಯಾ, ಆಟಕ್ಕೆ ಎಂತಕ್ಕೆ ಬರ್ತಾರೋ ಇವ್ರು!” ಎಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಎದ್ದೆವು. ಬಸ್ಸಿನಲ್ಲಿ ಬರುವಾಗ ಖಾದರಣ್ಣ ಚೆಂಡನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, ಇದೇ ಕೊನೆ, ಇನ್ನು ನನ್ನನ್ನು ಕರೆಯಬೇಡಿ ಎಂದ.

ಆ ವಾರವೇ ಗಿರಣಿಯವನು ಕೆರೆಯ ಏರಿಯ ಮೇಲೆ ಕಾಣಿಸಿಕೊಂಡದ್ದು. ಇನ್ನು ಕರೆಯಬೇಡಿ ಎಂದಿದ್ದ ಖಾದರಣ್ಣನೂ ಸೇರಿ ನಾವು ಹತ್ತು ಹನ್ನೆರಡು ಜನ ಸುಮ್ಮನೆ ಚೆಂಡು ಒದೆಯುತ್ತಿದ್ದೆವು. ಬಹಳ ಹೊತ್ತು ನಿಂತು ನೋಡಿದ. ಆಮೇಲೆ ಇಳಿದು ಬಂದು ಖಾದರಣ್ಣನನ್ನು ಕೇಳಿದ.

“ಈ ಟೀಮು ಯಾರ್ದು?”

“ಊರಿಂದು ಸಾಹುಕಾರ್ರೇ.”

“ಊರಿಂದು ಅಂದ್ರ ಯಾರ್ದೂ ಅಲ್ಲ. ಇವತ್ತಿಂದ ನಂದು.”

ಆಟದ ಮೇಲಿನ ಪ್ರೀತಿ ಎಂದು ಸಂಚಿಕೆಯವರು ಬರೆಯುತ್ತಾರೆ, ನೋಡುತ್ತಿರಿ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಸೊರಬದ ಟೀಮನ್ನು ಸಾಕುತ್ತಿದ್ದವನು ಅವನ ಷಡ್ಡಕ. ಅವನದೂ ಗಿರಣಿಯೇ. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಸಾಹುಕಾರರು, ಹಬ್ಬಕ್ಕೆ ಮಾವನ ಮನೆಯಲ್ಲಿ ಪಕ್ಕಪಕ್ಕ ಕೂರುವವರು. ಒಂಬತ್ತು ಗೋಲಿನ ಕತೆಯನ್ನು ಷಡ್ಡಕ ಹೋಳಿಗೆಯ ಜೊತೆಗೆ ಬಡಿಸಿದ್ದನಂತೆ. ಅಷ್ಟೇ ಕಾರಣ.

ಅಲ್ಲೇ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮೀನಖಂಡವನ್ನು ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿದ. ಎತ್ತಿನ ಜಾತ್ರೆಯಲ್ಲಿ ಹಾಗೆ ನೋಡುತ್ತಾರೆ. ಒಬ್ಬ ದರ್ಜಿಗೆ “ನೀ ಹೊಲಿಗಿ ಮಾಡ್ಕೊಂಡಿರು” ಎಂದು ಕಳಿಸಿಬಿಟ್ಟ. ನನ್ನ ಕಾಲು ಒತ್ತಿದವನು ಒಂದು ಗಳಿಗೆ ತಡೆದು, “ಯಾರ ಮಗ?” ಎಂದ. ಅವ್ವನ ಹೆಸರು ಹೇಳಿದೆ. ಹ್ಞೂಂ ಎಂದು ಮುಂದೆ ಹೋದ.

ಅವ್ವ ಅವನ ಗಿರಣಿಯ ಅಂಗಳದಲ್ಲೇ ಕೆಲಸಕ್ಕಿದ್ದಳು. ನಾನು ಎಂಟು ವರ್ಷದವನಿದ್ದಾಗ ಅಪ್ಪ ಹೋದ. ಅಂದಿನಿಂದ ಅವಳು ಅಲ್ಲಿ ಭತ್ತ ತಿರುವುತ್ತಿದ್ದಳು. ಈಗಿನವರಿಗೆ ಇದು ಗೊತ್ತಿರಲಾರದು. ಕುಸುಬಲಕ್ಕಿ ಮಾಡುವ ಭತ್ತವನ್ನು ಬೇಯಿಸಿ, ಹಬೆಯಾಡುತ್ತಿರುವಾಗಲೇ ಗಚ್ಚಿನ ಅಂಗಳದಲ್ಲಿ ಹರವುತ್ತಾರೆ. ಒಂದೇ ಸಮನೆ ಒಣಗಬೇಕಾದರೆ ಅದನ್ನು ಆಗಾಗ ತಿರುವುತ್ತಿರಬೇಕು. ಕೈಯಲ್ಲಲ್ಲ, ಕಾಲಲ್ಲಿ. ಹೆಂಗಸರು ಸಾಲಾಗಿ ನಿಂತು, ಕಾಲು ಎತ್ತದೆ ಭತ್ತದೊಳಗೆ ಎಳೆದುಕೊಂಡು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಹಿಂದೆ ನೇಗಿಲು ಹೊಡೆದ ಹಾಗೆ ಸಾಲು ಬೀಳುತ್ತದೆ. ತುದಿಯಲ್ಲಿ ಹಿಮ್ಮಡಿಯ ಮೇಲೆ ತಿರುಗಿ ಮತ್ತೆ ವಾಪಸು. ಮೇಲೆ ಬಿಸಿಲು, ಕೆಳಗೆ ಬೆಂದ ಭತ್ತ. ಏಳು ಜನ ಹೆಂಗಸರು ಆ ಕೆಲಸಕ್ಕಿದ್ದರು.

ಹೊಸ ಚೆಂಡು ಬಂತು. ಹಳದಿ ಜರ್ಸಿ ಬಂತು. ಜರ್ಸಿಯ ಬೆನ್ನಿಗೆ ಗಿರಣಿಯ ಮುದ್ರೆ ಒತ್ತಿಸಿದ. ಗೋಣಿಚೀಲಕ್ಕೆ ಮುದ್ರೆ ಹಾಕುವ ತೂತು ಕೊರೆದ ತಗಡು ಇರುತ್ತದಲ್ಲ, ಅದನ್ನೇ ನಮ್ಮ ಬೆನ್ನ ಮೇಲಿಟ್ಟು ಕರಿ ಮಸಿ ಬಳಿಸಿದ. ಜರ್ಸಿ ಬಿಚ್ಚಿದ ಮೇಲೆ ಮಾಡಿಸಬಹುದಿತ್ತು. ತೊಟ್ಟಂತೆಯೇ ಮಾಡಿಸಿದ. ಆ ತಗಡು ಕೊರೆದುಕೊಟ್ಟವನು ನಮ್ಮ ಖಾದರಣ್ಣನೇ. ಕೆರೆ ಅಂಗಳ ಬೇಡ, ಸಂಜೆ ಭತ್ತ ರಾಶಿ ಮಾಡಿದ ಮೇಲೆ ಗಿರಣಿಯ ಗಚ್ಚಿನ ಅಂಗಳದಲ್ಲೇ ಆಡಿ ಎಂದ. ಮ್ಯಾಚಿಗೆ ಹೋಗಲು ಗಿರಣಿಯ ಲಾರಿ. ನಾವು ಸ್ವರ್ಗ ಸಿಕ್ಕಿತು ಎಂದುಕೊಂಡೆವು.

“ಒಂದು ಮಾತು,” ಎಂದ. “ಪ್ರಾಕ್ಟೀಸು ಬೆಳಿಗ್ಗಿನೂ ಐತಿ. ದಿನಾ ಆರು ಗಂಟಿಗೆ ಬರಬೇಕು. ಭತ್ತ ತಿರುವಬೇಕು.”

ಖಾದರಣ್ಣ ನಕ್ಕುಬಿಟ್ಟ. “ಭತ್ತಕ್ಕೂ ಫುಟ್‌ಬಾಲಿಗೂ ಏನ್ರೀ ಸಂಬಂಧ?”

“ನಿಮ್ಮ ಕಾಲು ಹಾರಾಡ್ತಾವು. ನೆಲ ಬಿಟ್ಟು ಮ್ಯಾಲೆ ಇರ್ತಾವು. ಚೆಂಡು ಇರೋದು ನೆಲದ ಮ್ಯಾಲೆ. ಆ ಹೆಣ್ಣುಮಕ್ಕಳ ಕಾಲು ನೋಡ್ರಿ ಒಂದು ಸಲ. ಒಂದಾರ ನೆಲ ಬಿಟ್ಟು ಮ್ಯಾಲೆ ಏಳ್ತದೇನು?” ಎಂದು ಹೇಳಿ ಒಂದು ಕಾಳು ಕಚ್ಚಿ ಉಗುಳಿದ.

ಮರುದಿನದಿಂದ ಹೋದೆವು. ಮೊದಲ ದಿನ ಅಂಗಾಲಿಗೆ ಬೊಬ್ಬೆ ಎದ್ದು ಜಟಕಾದವನು ಅತ್ತೇಬಿಟ್ಟ. ಏಳು ಹೆಂಗಸರ ಪಕ್ಕದಲ್ಲಿ ನಾವು ಹನ್ನೊಂದು ಗಂಡಸರು, ಚಡ್ಡಿ ಹಾಕಿಕೊಂಡು. ನನ್ನಿಂದ ಮೂರನೆಯ ಸಾಲಿನಲ್ಲಿ ಅವ್ವ. ನನಗೆ ನಾಚಿಕೆಯಾಗಬಾರದು ಎಂದು ಅವಳು ಗುರುತಿಲ್ಲದವಳ ಹಾಗೆ ಸೆರಗು ಎಳೆದುಕೊಂಡು ಮುಂದೆ ನೋಡುತ್ತಿದ್ದಳು. ಉಳಿದವರಿಗೆ ವಾರದಲ್ಲಿ ರೂಢಿಯಾಯಿತು. ನನ್ನ ಸಾಲು ಮಾತ್ರ ಸೊಟ್ಟ. ಅವನು ಬಂದು ನನ್ನ ಸಾಲಿನ ತುದಿಗೆ ನಿಂತು ಹೇಳಿದ: “ಇನ್ನೆರಡು ದಿನ ನೋಡ್ತೀನಿ. ಭತ್ತದಾಗ ಸೊಟ್ಟ ಹೋಗೋನು ಆಟದಾಗೂ ಸೊಟ್ಟನ. ಆ ದರ್ಜಿನ ವಾಪಸ್ ಕರೀತೀನಿ.”

ಅವತ್ತು ಸಂಜೆ ಅವ್ವ ಹಿತ್ತಲಲ್ಲಿ ಒಲೆಯ ಬೂದಿಯನ್ನೆಲ್ಲ ಚೆಲ್ಲಿ ಹರವಿದಳು. ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಹಿಂದಿನಿಂದ ಎರಡೂ ಹೆಗಲು ಹಿಡಿದುಕೊಂಡು ನಡೆಸಿದಳು.

“ಕಾಲು ನೋಡಬ್ಯಾಡೋ. ಕಾಲಿಗೆ ಅದರ ದಾರಿ ಗೊತ್ತೈತಿ. ನೀ ಸಾಲಿನ ತುದಿ ನೋಡು. ಹಿಮ್ಮಡಿ ಊರು, ಬೆರಳು ಸಡ್ಲ ಬಿಡು. ಹಾಂ, ಹಂಗ. ತಿರುಗುವಾಗ ಮೈ ಮೊದ್ಲು ತಿರುಗಬಾರ್ದು, ಹಿಮ್ಮಡಿ ತಿರುಗಬೇಕು.”

ಕತ್ತಲಾಗುವ ತನಕ ಕಲಿಸಿದಳು. ಬೂದಿಯಲ್ಲಿ ಇಬ್ಬರ ಕಾಲೂ ಬೆಳ್ಳಗಾಗಿದ್ದವು. ನಾನು ಒಮ್ಮೆ ಜಾರಿ ಕೂತಾಗ ಎಷ್ಟೋ ದಿನದ ಮೇಲೆ ಅವಳು ಜೋರಾಗಿ ನಕ್ಕಳು. ಮರುದಿನ ನನ್ನ ಸಾಲು ದಾರ ಹಿಡಿದ ಹಾಗೆ ಬಂತು. ಅವ್ವನಿಗೆ ತೋರಿಸೋಣ ಎಂದು ತಿರುಗಿದರೆ ಅವಳು ಇರಲಿಲ್ಲ. ಮನೆಗೆ ಹೋಗಿ ಕೇಳಿದೆ. “ನನ್ನ ಒಳಗ ಕೇರೋ ಕೆಲ್ಸಕ್ಕ ಹಾಕ್ಯಾರ. ನೆರಳಿನಾಗ ಕುಂತು ಮಾಡೋದು, ಆರಾಮ ಐತಿ” ಎಂದಳು. ನನಗೂ ಸಮಾಧಾನವಾಯಿತು. ಅದಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಅಂಗಳದಿಂದ ಕಾಣೆಯಾದರು. ಮಧ್ಯಾಹ್ನದ ಸರದಿಗೆಂದು ಇಬ್ಬರು ಉಳಿದರು. ನಾನು ಕೇಳಲಿಲ್ಲ. ನನ್ನ ಸಾಲು ನೆಟ್ಟಗಿತ್ತು, ಅಷ್ಟು ಸಾಕಾಗಿತ್ತು.

ಹೀಗೆ ತಯಾರಾಗಿ ನಾವು ಆಡಿದ ಮೊದಲ ಮ್ಯಾಚು ಆನವಟ್ಟಿಯಲ್ಲಿ. ಅದನ್ನು ನೆನೆಸಿಕೊಂಡರೆ ಈ ಸಿಟ್ಟಿನಲ್ಲೂ ನಗು ಬರುತ್ತದೆ. ತಿಂಗಳುಗಟ್ಟಲೆ ಒಬ್ಬೊಬ್ಬ ತನ್ನ ತನ್ನ ಸಾಲಿನಲ್ಲೇ ನಡೆದು ನಡೆದು, ಮೈದಾನಕ್ಕಿಳಿದರೆ ಹತ್ತು ಜನವೂ ನೆಟ್ಟಗೆ ಮುಂದೆ, ನೆಟ್ಟಗೆ ಹಿಂದೆ. ಪಕ್ಕದವನ ಸಾಲಿಗೆ ಕಾಲಿಡಬಾರದು, ಇಟ್ಟರೆ ಭತ್ತ ಕೆಡುತ್ತದೆ ಎನ್ನುವುದು ಮೈಗೆ ಹತ್ತಿಹೋಗಿತ್ತು. ಖಾದರಣ್ಣನಿಗೂ ನನಗೂ ನಡುವೆ ಚೆಂಡು ಬಿದ್ದಿದೆ, ಅವನು ಅವನ ಸಾಲಿನಲ್ಲಿ ನಿಂತು ನೋಡುತ್ತಾನೆ, ನಾನು ನನ್ನ ಸಾಲಿನಲ್ಲಿ ನಿಂತು ನೋಡುತ್ತೇನೆ. ಆನವಟ್ಟಿಯವನು ಬಂದು ಸಾವಕಾಶವಾಗಿ ತೆಗೆದುಕೊಂಡು ಹೋಗುತ್ತಾನೆ. ಸುತ್ತ ನಿಂತ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ಗೋಲಿಗೆ ಸೋತೆವು.

ಲಾರಿಯಲ್ಲಿ ಅವನು ಡ್ರೈವರ್ ಪಕ್ಕ ಕೂತಿದ್ದ. ಬೈಯುತ್ತಾನೆ ಎಂದುಕೊಂಡೆವು. ದಾರಿಯುದ್ದಕ್ಕೂ ಕಾಳು ಕಚ್ಚಿಕೊಂಡು ಬಂದ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಸಾಲು ತಿರುವಿ ಮುಗಿಸಿದ ಮೇಲೆ, “ಈಗ ಅಡ್ಡ ತಿರುವ್ರಿ” ಎಂದ. ಅರ್ಧ ಜನ ಉದ್ದಕ್ಕೆ, ಅರ್ಧ ಜನ ಅಡ್ಡಕ್ಕೆ, ಒಟ್ಟಿಗೇ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಾರದು, ನಿಲ್ಲಲೂಬಾರದು. ಎದುರಿನವನ ಹೆಜ್ಜೆ ಅಂದಾಜು ಮಾಡಿ ಅವನ ಹಿಂದೆಯೇ ದಾಟಿಕೊಂಡು ಹೋಗಬೇಕು. ಎರಡು ವಾರ ಹಣೆಗೆ ಹಣೆ ಬಡಿದುಕೊಂಡೆವು. ಮೂರನೆಯ ವಾರ ಯಾರಿಗೂ ಯಾರೂ ತಾಗಲಿಲ್ಲ. ಆಮೇಲೆ ನಾವು ಸೋಲುವುದು ನಿಂತಿತು.

ಬೇಡ ಬೇಡವೆಂದರೂ ಇದನ್ನು ಬರೆಯಬೇಕಾಗಿದೆ. ಆ ಮನುಷ್ಯ ಜನ್ಮದಲ್ಲಿ ಒಂದು ಚೆಂಡು ಒದ್ದವನಲ್ಲ, ಆದರೆ ಅವನು ಹೇಳಿದ್ದು ನಿಜವಾಗಿತ್ತು. ಗಚ್ಚಿನ ಮೇಲೆ ಬರಿಗಾಲಿನಲ್ಲಿ ಆಡಿ ಚೆಂಡು ಕಾಲಿಗೆ ಅಂಟಿಕೊಂಡಂತೆ ಬರತೊಡಗಿತು. ಸುತ್ತಲಿನ ಊರುಗಳಲ್ಲೆಲ್ಲ ಗೆದ್ದೆವು. ಆನವಟ್ಟಿಯವರನ್ನು ಮತ್ತೆ ಕರೆಸಿ ಸೋಲಿಸಿದೆವು. ಎರಡು ವರ್ಷದ ಹಿಂದೆ ಚಂದಾ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅಂಗಡಿಯವರು ನಮ್ಮನ್ನು ಕರೆದು ಕರೆದು ಚಹಾ ಕುಡಿಸುತ್ತಿದ್ದರು. ಖಾದರಣ್ಣ ಅಂಗಡಿಯಲ್ಲಿ ತಗಡು ಬಡಿಯುತ್ತಿದ್ದರೆ ಹೊರಗೆ ಜನ ನಿಂತು ನೋಡುತ್ತಿದ್ದರು. ನಾನು ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ.

ಆಗ ಸೊರಬದಲ್ಲಿ ಶೀಲ್ಡ್ ಮ್ಯಾಚು ಗೊತ್ತಾಯಿತು. ಷಡ್ಡಕನ ಟೀಮಿನ ಮೇಲೆ. ಅದಕ್ಕೆ ಒಂದು ವಾರ ಮೊದಲು ಮೈದಾನ ನೋಡಿಕೊಂಡು ಬರೋಣ ಎಂದು ನಮ್ಮನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಹೊರಟ. ಹಿಂದೆ ನಿಂತು ನಾವು ಹಾಡು ಹೇಳುತ್ತಿದ್ದೆವು. ಉಡುತಡಿ ಇನ್ನೂ ಸ್ವಲ್ಪ ಮುಂದಿದೆ ಎನ್ನುವಾಗ ರಸ್ತೆಗೆ ಜಲ್ಲಿ ಹಾಕುತ್ತಿದ್ದರು. ಲಾರಿ ನಿಧಾನವಾಯಿತು. ಹೆಂಗಸರು ತಲೆಯ ಮೇಲೆ ಜಲ್ಲಿ ಬುಟ್ಟಿ ಹೊತ್ತು ಪಕ್ಕಕ್ಕೆ ಸರಿದು ನಿಂತರು. ಅದರಲ್ಲಿ ಅವ್ವ ಇದ್ದಳು.

ನನ್ನನ್ನು ನೋಡಿದಳು. ನೋಡಿದ್ದೇ ತಡ, ಬುಟ್ಟಿ ಹೊತ್ತುಕೊಂಡೇ ಬೆನ್ನು ತಿರುಗಿಸಿ ನಿಂತುಬಿಟ್ಟಳು. ಕಾಲಿಗೆ ಹರಕು ಬಟ್ಟೆ ಸುತ್ತಿಕೊಂಡಿದ್ದಳು. ನಾನು ಲಾರಿಯ ಹಲಗೆಯ ಹಿಂದೆ ಕೂತುಬಿಟ್ಟೆ. ಖಾದರಣ್ಣ ಹಾಡು ನಿಲ್ಲಿಸಿ ನನ್ನ ಮುಖ ನೋಡಿದ, ರಸ್ತೆ ನೋಡಿದ. ಸೊರಬದ ಮೈದಾನ ಹೇಗಿತ್ತು ಎನ್ನುವುದು ಅವತ್ತು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ವಾಪಸು ಬಂದವನು ಸೀದಾ ಗಿರಣಿಗೆ ಹೋದೆ. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ದಾರಿಯುದ್ದಕ್ಕೂ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಅವನೆದುರು ಮರೆತುಹೋದವು. ಹೇಗೋ ಕೇಳಿದೆ.

“ನಮ್ಮವ್ವನ್ನ ಯಾಕ ಬಿಡಿಸಿದ್ರಿ ಸಾಹುಕಾರ್ರೇ? ಒಳಗ ಕೇರಾಕ ಹಾಕ್ಯಾರ ಅಂದಿದ್ಳು. ಆಕಿ ರಸ್ತಿ ಮ್ಯಾಲೆ ಜಲ್ಲಿ ಹೊರ್ತಾಳ.”

ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ, ನನ್ನನ್ನು ಹೊರಗೆ ದಬ್ಬಿಸಿದ್ದರೆ, ನನಗೆ ಈ ಜನ್ಮ ಎಷ್ಟೋ ಸಲೀಸಾಗುತ್ತಿತ್ತು. ಅವನು ಕಿಸೆಯಿಂದ ಒಂದು ಕಾಳು ತೆಗೆದ. ಕಚ್ಚಿದ. ಉಗುಳಿದ.

“ಹನ್ನೊಂದು ಮಂದಿ ಪುಕ್ಕಟೆ ತಿರುವುತ್ತೀರಿ. ಇನ್ನ ಏಳು ಮಂದಿ ಯಾಕ ಬೇಕು? ನಿಮ್ಮವ್ವಗ ಕೆಲ್ಸ ಬೇಕೇನು? ಕಳ್ಸು ನಾಳೆ. ನನಗ ಬ್ಯಾಡ ಅಂತ ಇಲ್ಲ. ಆದ್ರ ಒಂದು ಸಾಲಿಗೆ ಇಬ್ರು ಬ್ಯಾಡ. ಆಕಿ ಬಂದ್ರ ನೀ ಬರಬ್ಯಾಡ. ಟೀಮಿಗೂ ಬರಬ್ಯಾಡ. ನೀನಾ ಹೇಳು. ಯಾರು ಬರ್ಬೇಕು?”

ನಾನು ನಿಂತೆ. ಮುಂದಿನ ಭಾನುವಾರ ಶೀಲ್ಡ್ ಮ್ಯಾಚು. ಕುಪ್ಪಗಡ್ಡೆಯವನು ಊಟದಲ್ಲಿ ಆಡಿದ ಮಾತು ನೆನಪಾಯಿತು. ಬೀದಿಯಲ್ಲಿ ಚಹಾ ಕುಡಿಸುವವರು ನೆನಪಾದರು. ಕಾಲಿಗೆ ಸುತ್ತಿದ ಹರಕು ಬಟ್ಟೆಯೂ ನೆನಪಿಗೆ ಬಂತು, ಇಲ್ಲ ಎನ್ನುವುದಿಲ್ಲ. ಅವನು ಅವಸರ ಮಾಡಲಿಲ್ಲ. ನನ್ನ ಕಾಲನ್ನೇ ನೋಡುತ್ತ ಕೂತಿದ್ದ.

“ನಾನು ಬರ್ತೀನಿ” ಎಂದೆ.

“ಆತು” ಎಂದ. ಅಷ್ಟೇ. ಬೆಳಿಗ್ಗೆ ಆರಕ್ಕೆ ನಾನು ನನ್ನ ಸಾಲಿನಲ್ಲಿದ್ದೆ.

ಮ್ಯಾಚಿನ ದಿನ ಸೊರಬದ ಜನ ನಮ್ಮ ಮೇಲೆ ಹಿಡಿ ಹಿಡಿ ಭತ್ತ ಎರಚಿದರು. “ಕುಸುಬಲಕ್ಕಿ ಟೀಮು ಬಂತ್ರೋ, ತುಳೀರೋ, ತುಳೀರೋ!” ಷಡ್ಡಕ ಶಾಮಿಯಾನದ ಕೆಳಗೆ ಕೂತು ನಗುತ್ತಿದ್ದ. ಇವನು ಅವನ ಪಕ್ಕದಲ್ಲೇ, ಮುಖದಲ್ಲಿ ಏನೂ ಇಲ್ಲ. ಕುಪ್ಪಗಡ್ಡೆಯವನು ಬೂಟು ಹಾಕಿಕೊಂಡಿದ್ದ. ಎರಡು ಸಲ ನನ್ನ ಪಾದ ತುಳಿದ. ಬೇಕೆಂದೇ ತುಳಿದ. ಅಂಗಾಲಿನ ಚರ್ಮ ಚಪ್ಪಲಿಯ ಅಟ್ಟೆಯಂತಾಗಿತ್ತಲ್ಲ, ಮೇಲಿನದು ಆಗಿರಲಿಲ್ಲ, ರಕ್ತ ಬಂತು. ಅವರದೊಂದು ಗೋಲು, ನಮ್ಮದೊಂದು. ಆಟ ಮುಗಿಯಲು ಬಂದಿತ್ತು. ಚೆಂಡು ನನ್ನ ಕಾಲಿಗೆ ಬಂತು. ಕುಪ್ಪಗಡ್ಡೆಯವನು ಎದುರಿಗೆ ಬಂದ. ನಾನು ಕಾಲು ನೋಡಲಿಲ್ಲ. ಮೈದಾನದ ತುದಿ ನೋಡಿದೆ. ಚೆಂಡನ್ನು ಅಂಗಾಲಲ್ಲಿ ಎಳೆದುಕೊಂಡು, ಮೈ ತಿರುಗಿಸದೆ ಹಿಮ್ಮಡಿ ತಿರುಗಿಸಿದೆ. ಅವನು ನನ್ನ ಮೈ ತೋರಿದ ಕಡೆಗೆ ಹೋಗಿ ಬಿದ್ದ. ಖಾದರಣ್ಣ ಅಡ್ಡ ಸಾಲಿನಲ್ಲಿ ಬರುತ್ತಿದ್ದಾನೆ ಎಂದು ನೋಡದೆಯೇ ಗೊತ್ತಿತ್ತು, ಕೊಟ್ಟೆ. ಗೋಲಾಯಿತು.

ನಮ್ಮ ಕಡೆಯವರು ಕುಣಿದರು, ಖಾದರಣ್ಣ ನನ್ನನ್ನು ಎತ್ತಿಕೊಂಡು “ಏನ್ ತಿರುಗಿದ್ಯೋ ತಮ್ಮಾ!” ಎಂದು ಅಳುತ್ತಿದ್ದ. ಅವನು ಶಾಮಿಯಾನದಿಂದ ಎದ್ದು ಬಂದ. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ರಕ್ತ ಹತ್ತಿದ ಕಾಲನ್ನು ಹಿಡಿದು ಹೆಬ್ಬೆಟ್ಟಿನಿಂದ ಮೀನಖಂಡ ಒತ್ತಿದ. ಅವನ ಕಣ್ಣು ಒದ್ದೆಯಾಗಿತ್ತು. ಇದನ್ನೂ ಬರೆಯುತ್ತೇನೆ, ಬೇಕಾದರೆ ಸಂಚಿಕೆಯವರು ಹಾಕಿಕೊಳ್ಳಲಿ.

“ನಿಮ್ಮವ್ವನ ಕಾಲು,” ಎಂದ. “ಹನ್ನೆರಡು ವರ್ಷ ನೋಡೀನಿ. ಆ ತಿರುವು ಬ್ಯಾರೆ ಯಾರಿಗೂ ಬರಲ್ಲ.”

ಅಂದರೆ ಅವನು ಎಲ್ಲವನ್ನೂ ತಿಳಿದೇ ಮಾಡಿದ್ದ. ಟೀಮು ಎದ್ದು ನಿಂತದ್ದು ಯಾರ ಕಾಲಿನಿಂದ ಎಂದು ಊರಲ್ಲಿ ಸರಿಯಾಗಿ ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದೂ ಆ ಕಾಲನ್ನು ಜಲ್ಲಿಯ ಮೇಲೆ ನಡೆಸಿದ. ಒದ್ದುಬಿಡಬೇಕು ಎನ್ನಿಸಿತು. ಒದೆಯಲಿಲ್ಲ. ಆ ಮುಂದಿನ ವರ್ಷ ಅವನೇ ಬರೆದುಕೊಟ್ಟ ಕಾಗದ ಹಿಡಿದುಕೊಂಡು ಹೋಗಿ ತಾಲ್ಲೂಕು ಕಚೇರಿಯಲ್ಲಿ ಜವಾನನಾದೆ, ಗುಮಾಸ್ತನಾದೆ, ಶಿರಸ್ತೇದಾರನಾಗಿ ನಿವೃತ್ತಿಯಾದೆ. ಅವ್ವನನ್ನು ನೌಕರಿ ಸಿಕ್ಕ ದಿನವೇ ಜಲ್ಲಿ ಕೆಲಸ ಬಿಡಿಸಿದೆ. ಅವಳ ಬಲಗಾಲಿನ ಹಿಮ್ಮಡಿ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಆಮೇಲೆ ಅವಳು ನಡೆದದ್ದೆಲ್ಲ ಬಲಗಾಲು ಎಳೆದುಕೊಂಡೇ.

ಬಜಾರಿನಲ್ಲಿ ಎದುರಾದರೆ ಅವ್ವ ಅವನಿಗೆ ಕೈ ಮುಗಿಯುತ್ತಿದ್ದಳು. ಅವನು ಅವಳ ಆ ಕಾಲು ನೋಡುತ್ತಿದ್ದ, ತಲೆ ಆಡಿಸುತ್ತಿದ್ದ, ಮುಂದೆ ಹೋಗುತ್ತಿದ್ದ. ಪ್ರತಿ ಸಲವೂ ನಾನು ಅವ್ವನ ತೋಳು ಹಿಡಿದು ಬೇಗ ಮುಂದೆ ಕರೆದುಕೊಂಡು ಹೋಗುತ್ತಿದ್ದೆ. ಅಂಗಳದಲ್ಲಿ ನಾನು ಕೊಟ್ಟ ಉತ್ತರವನ್ನು ಎಲ್ಲಿ ಹೇಳಿಬಿಡುತ್ತಾನೋ ಎಂದು. ಹೇಳಲಿಲ್ಲ. ಒಂದು ಮಾತಿನಲ್ಲಿ ನನ್ನ ಮನೆ ಸುಡುವ ಬೆಂಕಿಯನ್ನು ಕಿಸೆಯಲ್ಲಿ ಭತ್ತದ ಜೊತೆಗೆ ಇಟ್ಟುಕೊಂಡು ಓಡಾಡಿದ. ಅದಕ್ಕೇ ಅವನನ್ನು ಇನ್ನಷ್ಟು ದ್ವೇಷಿಸಿದೆ.

ಅವ್ವ ಹೋಗುವ ಹಿಂದಿನ ವರ್ಷ ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಯಾವ ಮಾತಿಗೋ ಆ ಹಳೆಯ ಗಿರಣಿಯ ಮಾತು ಬಂತು. ಅವಳು ತಾನಾಗಿಯೇ ಹೇಳಿದಳು.

“ನೀ ಸಾಲು ಸೊಟ್ಟ ಹಾಕ್ತಿದ್ದಿ ನೋಡು, ಆವಾಗ ಸಾಹುಕಾರ್ರು ನನ್ನ ಕರೆದಿದ್ರು. ‘ಒಂದು ಸಾಲಿಗೆ ಇಬ್ರು ಬ್ಯಾಡ. ನೀ ಬರ್ತೀಯೋ, ಮಗನ್ನ ಕಳಿಸ್ತೀಯೋ, ನೀನಾ ಹೇಳು’ ಅಂದ್ರು. ನಾ, ಮಗ ಬರ್ಲಿ ಅಂದೆ. ಅವತ್ತು ಸಂಜೀಗೇ ನಿಂಗ ಬೂದಿ ಹಾಕಿ ಕಲಿಸಿದ್ದು.”

ನನ್ನ ಕೈ ಅವಳ ಹಿಮ್ಮಡಿಯ ಮೇಲೆ ನಿಂತಿತು.

“ನಿನ್ನನ್ನೂ ಏನಾರ ಕೇಳಿದ್ರೇನೋ ಅವ್ರು?” ಎಂದಳು.

“ಇಲ್ಲವ್ವ,” ಎಂದೆ. “ನನ್ನೇನು ಕೇಳ್ತಾರ?”

“ಚಲೋ ಆತು ಬಿಡು,” ಎಂದು ಅವ್ವ ಗೋಡೆಗೆ ಒರಗಿದಳು. “ನಂಗ ಅದಾ ಹೆದ್ರಿಕಿ ಇತ್ತು. ಕೇಳಿದ್ರ ನೀ ಆಟ ಬಿಟ್ಟುಬಿಡ್ತಿದ್ದಿ.”